ಮಾವನ ಮೂರನೇ ಲೇನು

ಹಿರಿಯರ ಆರೋಗ್ಯ ಕಚೇರಿಯ ಮುಖ್ಯಸ್ಥರೇ,

ನನ್ನ ಸೋದರಮಾವನ ಒಂಟಿತನ ಕಳೆಯುತ್ತೇವೆಂದು ಹೊರಟು ಅವರನ್ನು ನಿಜಕ್ಕೂ ಒಂಟಿ ಮಾಡಿದ್ದೀರಿ. ನಿಮಗೆ ಶಭಾಶ್ ಹೇಳಲೋ, ಜಗಳ ಆಡಲೋ ತಿಳಿಯದೆ ಬರೆಯುತ್ತಿದ್ದೇನೆ.

ಮಾವನಿಗೆ ಅರವತ್ತಾರು. ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದು ಅರವತ್ತೊಂದರಲ್ಲಿ. ಅಲ್ಲಿಯವರೆಗೆ ಮನೆಯವರ ಬಾಯಲ್ಲಿ ಅವರು 'ಕಲ್ಲುಗುಂಡು'. ಬೀಗ ರಿಪೇರಿ ಅವರ ಕೆಲಸ. ಇಪ್ಪತ್ತೆಂಟು ವರ್ಷ, ಬೆಳಿಗ್ಗೆ ಆರಕ್ಕೆ, ನಿಮ್ಮ ಈಜುಕೊಳದಲ್ಲಿ ಹಗ್ಗ ಕಟ್ಟಿ ಬೇರೆ ಮಾಡಿದ ಮೂರನೇ ಲೇನಿನಲ್ಲಿ ನಲವತ್ತು ಸುತ್ತು ಈಜಿದರು. ಬಿಪಿ ಇಲ್ಲ, ಶುಗರ್ ಇಲ್ಲ. ಕೊಳ ನೋಡಿಕೊಳ್ಳುವಾತ ದಿನಾ ನೀರಿನ ಬಿಸಿ ಅಳೆದು "ಇವತ್ತು ಇಪ್ಪತ್ತಾರು ಡಿಗ್ರಿ, ಯಜಮಾನ್ರೇ" ಅನ್ನುತ್ತಿದ್ದ. ಮಾವ "ನಿನ್ನೆಗಿಂತ ಒಂದು ಕಮ್ಮಿ" ಅಂತಲೋ "ಒಂದು ಜಾಸ್ತಿ" ಅಂತಲೋ ಅನ್ನುತ್ತಿದ್ದರು. ಅಷ್ಟೇ ಮಾತು. ಆದರೆ ಮಾವನಿಗೆ ಜ್ವರ ಬಂದಾಗ ಮನೆ ಹುಡುಕಿಕೊಂಡು ಬಂದವನು ಅವನೊಬ್ಬನೇ.

ಹೋದ ವರ್ಷ ನಿಮ್ಮವರು ಫಾರಂ ಹಿಡಿದು ಬಂದರು.

"ಸ್ನೇಹಿತರು ಎಷ್ಟು ಜನ?"

"ಇಲ್ಲ."

"ಹೋದ ವಾರ ಯಾರ ಹತ್ರ ಮನಸ್ಸು ಬಿಚ್ಚಿ ಮಾತಾಡಿದ್ರಿ?"

"ಯಾರ ಹತ್ರಾನೂ ಇಲ್ಲ."

ನಾವೆಲ್ಲ ಇಂಥ ಫಾರಂಗೆ ಬಾಯಿಗೆ ಬಂದದ್ದು ಹೇಳಿ ಪಾರಾಗುತ್ತೇವೆ. ಮಾವ ಯೋಚಿಸಿ ನಿಜ ಹೇಳಿ ಸಿಕ್ಕಿಹಾಕಿಕೊಂಡರು. ನೀವೂ ತಡ ಮಾಡಲಿಲ್ಲ. ಲೇನಿನ ಹಗ್ಗ ಬಿಚ್ಚಿಸಿ, ಸ್ಪೀಕರ್ ಕಟ್ಟಿಸಿ, ಆರು ಗಂಟೆಗೇ ಹಿರಿಯರ ನಗೆಕೂಟ ಇಟ್ಟಿರಿ. ನೀರಿನಲ್ಲಿ ಕೈಕೈ ಹಿಡಿದು ಹೋ ಹೋ ಎಂದು ನಗಬೇಕಂತೆ. ಮಾವ ಕಿವಿ ಮುಚ್ಚಿಕೊಂಡು ನಿಂತರು.

"ಸ್ವಲ್ಪ ನಗಿ ಅಜ್ಜ, ಗಂಟೇನೂ ಹೋಗಲ್ಲ" ಅಂದಳು ಕಲಿಸುವವಳು.

"ಏನು ತಮಾಷೆ ಆಯ್ತು?" ಎಂದು ಮಾವ ಕೇಳಿದರು.

ನಿಮ್ಮ ರಿಜಿಸ್ಟರಿನಲ್ಲಿ 'ಸಹಕರಿಸುವುದಿಲ್ಲ' ಎಂದು ಬಿತ್ತು. ಮೂರನೇ ದಿನಕ್ಕೆ ಮಾವ ಹೋಗುವುದು ಬಿಟ್ಟರು.

ಈಗ ಏಳು ತಿಂಗಳು. ಆರಕ್ಕೆ ಎದ್ದು, ಟವೆಲ್ ಹೆಗಲಿಗೆ ಹಾಕಿ, ಹಾಸಿಗೆಯ ತುದಿಯಲ್ಲಿ ಏಳರವರೆಗೆ ಕೂರುತ್ತಾರೆ. ಮೊಣಕಾಲು ಬಿಗಿದಿದೆ, ಬಿಪಿ ಮಾತ್ರೆ ಶುರುವಾಗಿದೆ. ಮನೆಯಲ್ಲಿ ನಿಲ್ಲದ ನನಗೇ, ಹಾಗೆ ಕೂತ ಅವರ ಬೆನ್ನು ನೋಡಿದರೆ ಬಿಟ್ಟು ಹೊರಡಲು ಕಾಲು ಬರುವುದಿಲ್ಲ. ಮೊನ್ನೆ ನಾನೇ "ಇವತ್ತು ಇಪ್ಪತ್ತಾರು ಡಿಗ್ರಿ" ಅಂದೆ. "ನೀನು ನೋಡಿಲ್ಲ" ಅಂದರು. "ಹೋಗಲಿ, ವಾಕಿಂಗಾದ್ರೂ ಬಾ ಮಾವ" ಅಂದೆ. "ಅದು ಈಜಲ್ಲ."

'ಆರೋಗ್ಯಕರ ಮುಪ್ಪು' ಎಂದು ಗೋಡೆಯ ಮೇಲೆ ಬರೆಸಿದ್ದೀರಿ. ನೀವು ಬಣ್ಣ ತರುವ ಮೊದಲೇ ಮಾವ ಅದನ್ನು ಒಬ್ಬರೇ ಮಾಡಿಕೊಂಡಿದ್ದರಲ್ಲ? ನಗುವವರು ನಗಲಿ, ಏಳಕ್ಕೆ ನಗಲಿ. ಆರರಿಂದ ಏಳರವರೆಗೆ ಮೂರನೇ ಲೇನಿಗೆ ಹಗ್ಗ ಕಟ್ಟಿಸಿ, ಸ್ಪೀಕರ್ ಆರಿಸಿ. ಮಾವ ಬಂದರೆ ಚಪ್ಪಾಳೆ ತಟ್ಟಬೇಡಿ. ಹೇಗಿದ್ದೀರಿ ಎಂದೂ ಕೇಳಬೇಡಿ. ಕೇಳಿದರೆ ನಿಜ ಹೇಳಿಬಿಡುತ್ತಾರೆ.

ಇಂತಿ,
ನಿಮ್ಮ ಫಾರಂನ 'ಮನೆಯಲ್ಲಿ ಜೊತೆಗಿರುವವರು' ಎಂಬ ಜಾಗದಲ್ಲಿ ಇದ್ದೂ ಜೊತೆಯಾಗದ ಸೋದರಳಿಯ