ಸಿನಿಮಾ ಹೇಗಿದೆ ಎಂದು ಕೇಳಿದ ಭಾವನಿಗೆ

ಜೈಲಿನೊಳಗಿರುವ ಭಾವನವರಿಗೆ ಹೊರಗಿನಿಂದ ನಮಸ್ಕಾರ.

ನಿಮ್ಮ ಕಾಗದ ಬಂತು. ಎರಡು ಕೆಲಸ ಹೇಳಿದ್ದೀರಿ. ಒಂದು, ನಿಮ್ಮ ಕಥೆಯನ್ನು ಸಿನಿಮಾ ಮಾಡಿದ್ದಾರಂತೆ, ನೋಡಿ ಹೇಗಿದೆ ಬರಿ. ಇನ್ನೊಂದು, ಅಮ್ಮ ಅಕ್ಕನ ಹೆಸರಿಗೆ ಬರೆದುಕೊಟ್ಟ ಮನೆಯನ್ನು ತೋರಿಸಿ ನಿಮ್ಮ ಜಾಮೀನಿಗೆ ಸಹಿ ಹಾಕಲು ಅವಳನ್ನು ಒಪ್ಪಿಸು. ಅಕ್ಕ ಹೇಗಿದ್ದಾಳೆ ಎಂದು ಮಾತ್ರ ಎಲ್ಲೂ ಕೇಳಿಲ್ಲ. ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದೆ.

ನೀವು ಕೇಳದಿದ್ದರೂ ಹೇಳುತ್ತೇನೆ. ಅಕ್ಕ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸಕ್ಕೆ ಹೋಗುತ್ತಾಳೆ. ದಿನವಿಡೀ ನಿಂತೇ ಇರಬೇಕು, ಕಾಲು ಊದಿಕೊಳ್ಳುತ್ತದೆ. ನಾನು ಎಂದಿನಂತೆ ಒಂದು ಕಡೆ ನಿಲ್ಲುವವನಲ್ಲ. ಎರಡು ಕೆಲಸ ಬಿಟ್ಟು ಈಗ ಗ್ಯಾರೇಜಿನಲ್ಲಿ ಕಾರು ತೊಳೆಯುತ್ತಿದ್ದೇನೆ. ಆದರೂ ಅಕ್ಕ ಸಹಿ ಹಾಕಲು ತಯಾರಾಗಿದ್ದಳು. ಹೊರಗೆ ಬಂದು ದುಡಿದು ಜನರ ದುಡ್ಡು ಸ್ವಲ್ಪ ಸ್ವಲ್ಪವಾದರೂ ತೀರಿಸುತ್ತೀರಿ ಎಂದು ನಂಬಿದ್ದಳು. "ಸಿನಿಮಾ ನೋಡ್ಕೊಂಡು ಬಂದು ಸಹಿ ಹಾಕ್ತೀನಿ, ನೀನೂ ಬಾ," ಎಂದಳು.

ಭಾನುವಾರ ಹೋದೆವು. ಥಿಯೇಟರ್ ತುಂಬಿತ್ತು. ಹೀರೋ ನಿಮಗಿಂತ ಒಂದು ಮೊಳ ಉದ್ದ, ತಲೆ ತುಂಬ ಕೂದಲು. ಆಫೀಸು ಪೂರ್ತಿ ಗಾಜಿನದು, ಕೆಳಗೆ ಸಮುದ್ರ ಕಾಣುತ್ತದೆ. ದುಡ್ಡು ದುಪ್ಪಟ್ಟು ಮಾಡಿಕೊಡುತ್ತೇವೆ ಎಂದು ಜನರಿಂದ ಕಟ್ಟಿಸಿಕೊಳ್ಳುತ್ತಿದ್ದ ನಮ್ಮ ಆಫೀಸು ಬಟ್ಟೆ ಅಂಗಡಿಯ ಮೇಲೆ ನಾಲ್ಕನೇ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ರಿಪೇರಿ ಮಾಡಿಸಬೇಡ ಎಂದು ನೀವೇ ಹೇಳಿದ್ದಿರಿ. ಜನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದರು. ನೀವು ಕೂರಿಸಿ, ಬೆನ್ನು ಸವರಿ, ತಣ್ಣನೆ ನೀರು ಕೊಡುತ್ತಿದ್ದಿರಿ. ಉಸಿರು ಹದಕ್ಕೆ ಬರುವಷ್ಟರಲ್ಲಿ ಅವರು ಸಹಿ ಹಾಕಿ ಆಗಿರುತ್ತಿತ್ತು. ಇದು ಸಿನಿಮಾದವರಿಗೆ ಗೊತ್ತಾಗಿಲ್ಲ.

ಕಾರಿನ ಬಾಗಿಲು ಮಾತ್ರ ಗೊತ್ತಾಗಿದೆ. ನಿಮ್ಮ ಬಾಡಿಗೆ ಕಾರಿನ ಹಿಂದಿನ ಬಾಗಿಲಿಗೆ ಒಳಗಿನ ಹಿಡಿ ಮುರಿದಿತ್ತಲ್ಲ, ನಾನು ಓಡಿ ಬಂದು ಹೊರಗಿನಿಂದ ತೆಗೆಯದಿದ್ದರೆ ನೀವು ಇಳಿಯುವ ಹಾಗೇ ಇರಲಿಲ್ಲ. ಜನ ಅದನ್ನು ದೊಡ್ಡಸ್ತಿಕೆ ಅಂದುಕೊಂಡರು. ಸಿನಿಮಾದಲ್ಲಿ ಬಿಳಿ ಗ್ಲೌಸು ಹಾಕಿದವನೊಬ್ಬ ಬಾಗಿಲು ತೆಗೆಯುತ್ತಾನೆ, ಹೀರೋ ಕಾಲು ಹೊರಗಿಡುತ್ತಾನೆ, ಥಿಯೇಟರಿಗೆ ಥಿಯೇಟರೇ ಶಿಳ್ಳೆ ಹೊಡೆಯುತ್ತದೆ. ಸುಳ್ಳು ಯಾಕೆ ಹೇಳಲಿ, ನನ್ನ ಮೈಯೂ ಜುಂ ಅಂದಿತು. ನನ್ನ ಹಾಗೆ ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವನು ಅಂಥ ಕಾರನ್ನು ತೊಳೆಯಬಹುದು, ಅಷ್ಟೇ. ತೆರೆಯ ಮೇಲೆ ಅದರೊಳಗೆ ಕೂತವನನ್ನು ನೋಡಿದಾಗ ಕಳ್ಳ ಅನ್ನುವುದು ಮರೆತೇ ಹೋಗುತ್ತದೆ.

ಹೀರೋನ ಹೆಂಡತಿ ಈಜುಕೊಳದ ಪಕ್ಕ ವಜ್ರ ಹಾಕಿಕೊಂಡು ಮಲಗಿರುತ್ತಾಳೆ. ಅಕ್ಕ ಅದನ್ನು ನೋಡಿ ನಕ್ಕುಬಿಟ್ಟಳು. "ಇವಳು ಪುಣ್ಯವಂತೆ ಕಣೋ. ನಿಮ್ಮ ಭಾವ ನನ್ನ ಬಳೆನೂ ಬಿಡ್ಲಿಲ್ಲ," ಎಂದಳು. ಮುಂದಿನ ಸೀಟಿನವರು ತಿರುಗಿ ಶ್ಶ್ ಅಂದರು.

ದುಡ್ಡು ಕಳೆದುಕೊಂಡವರು ಮುಚ್ಚಿದ ಆಫೀಸಿನ ಮುಂದೆ ಅಳುವ ಸೀನು ಕೊನೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಕೆಲವರು ಬಾತ್‌ರೂಮಿಗೆ ಎದ್ದರು, ಕೆಲವರು ಮೊಬೈಲು ತೆಗೆದರು. ಅಕ್ಕ ಮಾತ್ರ ಕಣ್ಣು ಕೀಳಲಿಲ್ಲ. ನೀವು ಓಡಿಹೋದ ಮೇಲೆ ಅವರೆಲ್ಲ ಬಂದದ್ದು ನಮ್ಮ ಮನೆ ಬಾಗಿಲಿಗೆ. ಅವಳೊಬ್ಬಳೇ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈ ಮುಗಿದಿದ್ದಳು.

ಹೊರಗೆ ಬಂದರೆ ಗೇಟಿನ ಹತ್ತಿರ ಕತ್ತರಿಯಣ್ಣ. ಮರೆತಿರಲಿಕ್ಕಿಲ್ಲ, ನಿಮಗೆ ಪುಕ್ಕಟೆ ಶೇವ್ ಮಾಡಿ, ತನ್ನ ಕುರ್ಚಿಯಲ್ಲಿ ಕೂತವರಿಗೆಲ್ಲ ನಿಮ್ಮ ಗುಣಗಾನ ಮಾಡಿ, ಕೊನೆಗೆ ಅಂಗಡಿಯನ್ನೇ ಮಾರಿ ದುಡ್ಡು ತಂದುಕೊಟ್ಟವರು. ಈಗ ಅದೇ ಅಂಗಡಿಯಲ್ಲಿ ಕೂಲಿಗೆ ನಿಂತು ಕಟಿಂಗ್ ಮಾಡುತ್ತಾರೆ. ಹೊಡೆಯಲು ಬಂದರೇನೋ ಎಂದು ನಾನು ಅಕ್ಕನ ಮುಂದೆ ನಿಂತೆ. ಅವರು ನಗುತ್ತಾ ಹೆಗಲ ಮೇಲೆ ಕೈ ಹಾಕಿದರು.

"ಏನಯ್ಯಾ, ಮೂರನೇ ಸಲ ನೋಡ್ತಿದ್ದೀನಿ. ಹುಡುಗರೆಲ್ಲ ಬಂದು ಆ ಹೀರೋ ಕಟಿಂಗೇ ಬೇಕು ಅಂತಾರೆ. ನಿಮ್ಮ ಭಾವನಿಂದ ಹೋದದ್ದು ನಿಮ್ಮ ಭಾವನಿಂದಲೇ ಬರ್ತಿದೆ ನೋಡು."

ಆಮೇಲೆ ದನಿ ತಗ್ಗಿಸಿದರು. "ಯಾವಾಗ ಬರ್ತಾರೆ? ಬಂದ್ಮೇಲೆ ಸುಮ್ನೆ ಕೂರೋ ಆಸಾಮಿ ಅಲ್ಲ ಅವರು. ಏನಾದ್ರೂ ಶುರು ಮಾಡಿದ್ರೆ ಮೊದಲು ನನ್ನ ಕಿವಿಗೆ ಹಾಕು. ಹೋದ ಸಲ ನಾನು ತಡವಾಗಿ ಸೇರಿದೆ, ಅದಕ್ಕೇ ಮುಳುಗಿದೆ. ಮೊದಲು ಸೇರಿದವರಿಗೆ ಬಂತಲ್ಲ."

"ಅಣ್ಣಾ, ನಿಮ್ಮ ಅಂಗಡಿನೇ ಹೋಯ್ತಲ್ಲ," ಎಂದಳು ಅಕ್ಕ.

"ಹೋಯ್ತು ತಾಯಿ. ಆದ್ರೂ ತಲೆ ಅಂದ್ರೆ ಅವರದು. ನನ್ನವಳ ಹತ್ರ ಒಂದು ಸರ ಉಳಿದಿದೆ, ಅವಳಿಗೆ ಇನ್ನೂ ಹೇಳಿಲ್ಲ."

ಭಾವ, ನಿಮ್ಮನ್ನು ಬೈಯಬೇಕು ಎಂದುಕೊಂಡೇ ಈ ಕಾಗದ ಶುರು ಮಾಡಿದೆ. ಯಾರ ಪರವಾಗಿ ಬೈಯಲಿ? ಅವರೆಲ್ಲ ನಿಮ್ಮ ದಾರಿ ಕಾಯುತ್ತಿದ್ದಾರೆ.

ಮನೆಗೆ ಬಂದವಳೇ ಅಕ್ಕ ಚಪ್ಪಲಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತಳು. ಹೇಳಿದಳು: "ಅವರನ್ನ ನಾನು ಹೊರಗೆ ತಂದು, ಆ ಸರನೂ ಹೋಯ್ತು ಅಂತಿಟ್ಕೋ. ಆಗ ಆ ಹೆಂಗಸಿನ ಮುಂದೆ ಕೈ ಮುಗಿದ್ರೆ ಸಾಲಲ್ಲ. ಈ ಸಲ ಸಹಿ ನಂದಿರುತ್ತೆ."

ನೀವು ಕಳಿಸಿದ ಜಾಮೀನು ಕಾಗದಗಳನ್ನು ಇದರ ಜೊತೆಗೇ ವಾಪಸ್ ಇಟ್ಟಿದ್ದೇನೆ. ಅವಳು ಸಹಿ ಹಾಕಿಲ್ಲ. ನಾನು ಒಪ್ಪಿಸಲಿಕ್ಕೂ ಹೋಗಲಿಲ್ಲ.

ಸಿನಿಮಾ ಚೆನ್ನಾಗಿದೆ ಭಾವ, ಬಹಳ ದಿನ ಓಡುತ್ತದೆ. ನಿಮಗೆ ದೇವರು ಗಟ್ಟಿ ಆರೋಗ್ಯ ಕೊಡಲಿ, ಒಳ್ಳೆಯ ನಿದ್ದೆ ಕೊಡಲಿ, ನೂರು ವರ್ಷ ಆಯಸ್ಸು ಕೊಡಲಿ. ಎಲ್ಲವನ್ನೂ ಅಲ್ಲಿಯೇ ಕೊಡಲಿ.

ಇಂತಿ,
ನನ್ನ ಅಕ್ಕನ ತಮ್ಮ