ಹಸಿರು ಟವೆಲ್ಲಿನ ಗಂಟು

ಫೆಬ್ರವರಿ ೩೧, ೨೪೧೭

ಇಪ್ಪತ್ತೊಂದನೆಯ ಶತಮಾನದ ಡಬ್ಬಿಧಾರಿಗಳೇ, ಗಂಟುಪಾಲಕರೇ, ಮುಚ್ಚಳ ಕಳೆದ ಬಾಟಲಿಗಳ ಪೋಷಕರೇ,

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಏನನ್ನೂ ಎಸೆಯುವುದಿಲ್ಲ. ಬೇರೆ ತಿಂಗಳುಗಳಲ್ಲಿ ಉಳಿದ ಚೂರುಪಾರು ಗಂಟೆಗಳನ್ನು ಕೂಡಿಸಿ ಫೆಬ್ರವರಿಗೆ ತೇಪೆ ಹಾಕಿದ್ದೇವೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಪದಗಳೂ ಯಾರೋ ಬಳಸಿ ಬಿಟ್ಟವೇ.

ಇಲ್ಲಿ ಪ್ರತಿ ವಸ್ತುವಿಗೂ ‘ಜನ್ಮಚೀಟಿ’ ಉಂಟು. ಅದು ಮೊದಲು ಏನಾಗಿತ್ತು, ಆಮೇಲೆ ಏನಾಯಿತು ಎಂಬ ವಿವರ. ನಾನು ಕೂತ ಕುರ್ಚಿ ಹಿಂದಿನ ಜನ್ಮದಲ್ಲಿ ಬಾಗಿಲು, ಅದಕ್ಕೂ ಹಿಂದೆ ತೊಟ್ಟಿಲು. ನಮ್ಮ ಕಾನೂನು ಪುಸ್ತಕದಲ್ಲಿರುವುದು ಎರಡೇ ಸಾಲು:

ಮುರಿದರೆ ಜೋಡಿಸಿರಿ, ಹರಿದರೆ ಹೊಲಿಯಿರಿ;
ಎಸೆಯುವ ಮುನ್ನ ಮನೆಯಾಕೆಯ ಮನವನು ತಿಳಿಯಿರಿ.

ಈಚೆಗೆ ಧಾರವಾಡದಲ್ಲಿ ನಿಮ್ಮ ಕಾಲದ ಮನೆಯೊಂದನ್ನು ಅಗೆದೆವು. ಗುರುಪಾದಪ್ಪ, ಸರ್ವಮಂಗಳಾ ಎಂಬ ದಂಪತಿಯ ಮನೆ. ಅಲ್ಲಿ ಒಂದು ಡಬ್ಬಿಯನ್ನೂ ನಂಬುವಂತಿಲ್ಲ. ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆ ಹಿಟ್ಟು, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಹಾಲಿನ ಪಾಕೀಟಿನಲ್ಲಿ ಕರಿಬೇವಿನ ಸಸಿ. ಗಂಡನ ಬನಿಯನ್ ನೆಲ ಒರೆಸಿ, ಸೈಕಲ್ ಒರೆಸಿ, ಕೊನೆಗೆ ಕಿಟಕಿಯ ಸಂದಿಗೆ ತುರುಕಿಸಿಕೊಂಡಿತ್ತು. ಎಲ್ಲದರ ಚೀಟಿಯೂ ತಾಳೆಯಾಯಿತು, ಒಂದರದ್ದು ಬಿಟ್ಟು: ಕಪಾಟಿನ ಮೇಲೆ ಹಸಿರು ಟವೆಲ್ಲಿನಲ್ಲಿ ಕಟ್ಟಿಟ್ಟಿದ್ದ ಹಳೆಬಟ್ಟೆಯ ಗಂಟು. ಬಾಣಂತನಕ್ಕೆ ಬರಲಿರುವ ಮಗಳ ಕೂಸಿಗೆ ಕೌದಿ ಹೊಲಿಯಲೆಂದು ಸರ್ವಮಂಗಳಾ ಕೂಡಿಟ್ಟದ್ದು. ತೀರಿಹೋದ ತಾಯಿಯ ಇಳಕಲ್ ಸೀರೆಯೂ ಅದರಲ್ಲಿತ್ತು. ಚೀಟಿ ಇದೆ, ಗಂಟೇ ಇಲ್ಲ.

ನಮಗೆ ಎಲ್ಲರ ಮೇಲೂ ಅನುಮಾನ. ಕೊನೆಗೆ ‘ದನಿಸುಣ್ಣ’ ಕೆರೆದೆವು. ಗೋಡೆ ಕೇಳಿಸಿಕೊಂಡ ಮಾತು ಸುಣ್ಣದಲ್ಲಿ ಉಳಿದಿರುತ್ತದೆ.

“ಏನ್ರೀ, ಕಪಾಟಿನ ಮ್ಯಾಲಿನ ಗಂಟು ಎಲ್ಲಿ?”

“ಯಾವ ಗಂಟು?”

“ಹಸರು ಟವೆಲ್ಲಿಂದು.”

“ಬೆಕ್ಕು ಎಳಕೊಂಡು ಹೋಗಿರಬೇಕು ನೋಡು.”

“ಬೆಕ್ಕಿಗೆ ಕೌದಿ ಹೊಲ್ಯಾಕ ಬರತೈತೇನ್ರೀ?”

“ಬಾಜೂಮನಿ ಗಂಗವ್ವಗ ಬರತೈತಲ್ಲ.”

ಆಮೇಲೆ ಗಂಡಸಿನ ಕೆಮ್ಮು ಮಾತ್ರ ಇದೆ. ಆ ವಾರ ಆತ ಯಾರೂ ಹೇಳದೆ ಮೂರು ಸಲ ಅಕ್ಕಿ ಆರಿಸಿಕೊಟ್ಟಿದ್ದಾನೆ; ಇದು ನಿರಪರಾಧಿಯ ಲಕ್ಷಣವಲ್ಲ. ಗಂಗವ್ವ ಉಪ್ಪಿನಕಾಯಿ ಹಾಕಿ ಕಳಿಸಿದ್ದ ಬಟ್ಟಲು ಎಂಟು ದಿನದಿಂದ ಹಿಂದಿರುಗದೆ ಈ ಮನೆಯ ಕಟ್ಟೆಯ ಮೇಲೇ ಉಳಿದಿದೆ. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಎಷ್ಟು ಕೆರೆದರೂ ದನಿಯಿಲ್ಲ. ಮುಂದಿನ ಪೀಳಿಗೆಯವರು ಈ ಪ್ರಕರಣವನ್ನು

ಮಂಗಳಾ, ಇನ್ನು ಬರೆಯಲಾರೆ. ಇದು ಈ ತಿಂಗಳ ಕರೆಂಟ್ ಬಿಲ್ಲಿನ ಹಿಂಬದಿ. ಹೋದ ವಾರ ಮಂಗಳವಾರ ಕಸದ ಗಾಡಿಗೆ ಗಂಟು ಕೊಟ್ಟವನು ನಾನೇ. ಬಿಚ್ಚಿಯೂ ನೋಡಲಿಲ್ಲ. ನೀನು ಕೇಳಿದ ಮೇಲೆ ಗಾಡಿ ಸುರಿಯುವ ಜಾಗಕ್ಕೆ ಹೋಗಿ ಹುಡುಕಿದೆ. ನಿಮ್ಮವ್ವನ ಸೀರೆಯ ಸೆರಗಷ್ಟೇ ಸಿಕ್ಕಿತು. ತೊಳೆದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೇನೆ. ಕೌದಿಯ ನಡುವೆ ಅದು ಬರಲಿ, ಸುತ್ತಲಿನ ಜಾಗಕ್ಕೆ ನನ್ನ ಮದುವೆಯ ಧೋತರ ಕತ್ತರಿಸಿಕೋ.

ಗಂಗವ್ವನ ಬಟ್ಟಲು ನಾನೇ ಒಯ್ದು ಕೊಡುತ್ತೇನೆ. ಅದರಲ್ಲಿ ಏನಾದರೂ ಹಾಕಿಕೊಡು. ಖಾಲಿ ಬಟ್ಟಲು ಹಿಡಿದು ಆ ಬಾಗಿಲ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ.