ನಜ್ಮೂನ್ ಕಟ್ಟಿದ ಕಾಗದದ ಗೋಪುರ

ಫಾಸ್ಟರ್ ಸಿಟಿ, ಕ್ಯಾಲಿಫೋರ್ನಿಯಾ
ಜುಲೈ 9, 2025

ಗೆಳತಿ ಬಂಗಾರೆವ್ವಳಿಗೆ ನಿನ್ನ ಫಕ್ರವ್ವನ ಸಲಾಮು, ಶರಣು ಎರಡೂ.

ಯುಗಾದಿಗೆ ನೀನು ಬರೆಸಿದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಮೊದಲು ಬೈದುಬಿಡು, ಆಮೇಲೆ ಕೇಳು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದೆ. ಒಮ್ಮೆಯಂತೂ ಒಲೆಯ ಮೇಲೆ ಹಾಲು ಉಕ್ಕುತ್ತದೆಂದು ಓಡಿದೆ. ನೋಡಿದರೆ ಹಾಲನ್ನೇ ಇಟ್ಟಿರಲಿಲ್ಲ. ನಿನಗೆ ಹೇಳಲೇಬೇಕಾದ ಒಂದು ಮಾತಿದೆ, ಹದಿನಾರು ವರ್ಷದ್ದು. ಅದನ್ನು ಕೇಳಿದ ಮೇಲೂ ನೀನು ನನ್ನ ಗೆಳತಿಯಾಗಿ ಉಳಿಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಕಾಲು ಒಂದೆಡೆ ನಿಲ್ಲುತ್ತಿಲ್ಲ.

ಮೊದಲು ಸುದ್ದಿ ಹೇಳುತ್ತೇನೆ. ಮಗಳು ಆಫ್ರೀನ್ ಚೆನ್ನಾಗಿದ್ದಾಳೆ. ಮನೆ ಬಿಟ್ಟರೆ ಆಫೀಸು, ಎರಡರ ನಡುವೆ ಫ್ರೀವೇ. ಅಳಿಯ ಜುನೈದ್‌ಗೆ ತಲೆ ನರೆಯುತ್ತಿದೆ. ಮೊಮ್ಮಗಳು ಯುಸ್ರಾ ನನಗಿಂತ ಒಂದು ಗೇಣು ಎತ್ತರ. ನಾನು ನಮ್ಮ ಮಾತಿನಲ್ಲಿ ಕೇಳಿದರೆ ಅವಳದು ಅರ್ಧ ಇಂಗ್ಲಿಷಿನ ಉತ್ತರ. ಬೈದದ್ದು ಮಾತ್ರ ಇಬ್ಬರಿಗೂ ತಕ್ಷಣ ಅರ್ಥವಾಗುತ್ತದೆ.

ಇಲ್ಲಿ ಮನೆಗಳ ಬೆನ್ನಿಗೇ ಕೆರೆಯಂಥ ನೀರಿದೆ. ಅದರ ದಂಡೆಯಲ್ಲಿ ನಡೆಯಲು ಹೋದಾಗ ನನಗೆ ನಜ್ಮೂನ್ ಸಿಕ್ಕಳು. ಎಪ್ಪತ್ತೆಂಟು ವರ್ಷದವಳು, ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದವಳು. ಮುಖ ನೋಡಿದರೆ ಗಜೇಂದ್ರಗಡದ ಸಂತೆಯಲ್ಲಿ ಬಳೆ ಮಾರುವವಳು ಅನ್ನಬೇಕು. ಬಾಯಿ ತೆರೆದರೆ ರಾಗ ಎಳೆದಂಥ ಬೇರೆಯೇ ಇಂಗ್ಲಿಷು. ಅವಳ ಊರು ಟ್ರಿನಿಡಾಡ್, ಕ್ಯಾರಿಬಿಯನ್ ಸಮುದ್ರದ ಒಂದು ದ್ವೀಪ. ಯುಸ್ರಾ ನಡುವೆ ನಿಂತು ನಮ್ಮಿಬ್ಬರ ಮಾತನ್ನು ಅತ್ತಿಂದಿತ್ತ ದಾಟಿಸಿದಳು.

ಅವಳು ಹೇಳಿದ ಕತೆ ಕೇಳು. ಆ ದ್ವೀಪದಲ್ಲಿ ಬಿಳಿಯರು ಕಬ್ಬು ಹಾಕಿದ್ದರು. ಕಡಿಯಲು ಆಫ್ರಿಕದ ಜನರನ್ನು ಕಟ್ಟಿ ತಂದಿದ್ದರು. ಗುಲಾಮರನ್ನು ಬಿಡಬೇಕೆಂದು ಕಾಯಿದೆ ಬಂದ ಮೇಲೆ, ಬ್ರಿಟಿಷರು ಹಿಂದೂಸ್ತಾನದ ಬಡವರಿಂದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹಡಗು ಹತ್ತಿಸಿದರು. ತಿಂಗಳುಗಟ್ಟಲೆ ನೀರಿನ ದಾರಿ. ಹೋದವರ ಬಳಿ ಉಟ್ಟ ಬಟ್ಟೆ ಬಿಟ್ಟು ಹೆಚ್ಚೇನೂ ಇರಲಿಲ್ಲ. ಆದರೆ ಮೊಹರಂ ಬಂದರೆ ಬಿದಿರು, ಕಾಗದ ಸೇರಿಸಿ ಇಮಾಮ್ ಹುಸೇನರ ಗೋರಿಯ ಗೋಪುರ ಕಟ್ಟುತ್ತಿದ್ದರು. ಅದಕ್ಕೆ ಅಲ್ಲಿ ತದ್ಜಾ ಅನ್ನುತ್ತಾರೆ. ಹಿಂದೂಗಳೂ ಅದಕ್ಕೆ ಹೆಗಲು ಕೊಟ್ಟರು, ಆಫ್ರಿಕದವರೂ ಡೋಲು ಬಡಿದರು. ಕಡೆಗೆ ಅದನ್ನು ನೀರಿಗೆ ಬಿಡಲೇಬೇಕು. ಕೇಳುತ್ತ ಕೇಳುತ್ತ ನಮ್ಮೂರ ಮೊಹರಂನ ಅಲಾಯಿ ಹಬ್ಬ ಕಣ್ಣ ಮುಂದೆ ಬಂತು. ನಿನ್ನ ತವರಿನವರು ಬೆಂಕಿಯ ಕುಣಿಗೆ ಮೊದಲ ಗುದ್ದಲಿ ಹಾಕುವ ತನಕ, ಮಸೂತಿ ನೋಡಿಕೊಳ್ಳುವ ಮುಜಾವರರಾದ ನಮ್ಮ ಯಜಮಾನರು ಅಲ್ಲಿಯ ದೇವರುಗಳನ್ನು ಹೊರಗೆ ತರುತ್ತಿರಲಿಲ್ಲವಲ್ಲ.

1884ರಲ್ಲಿ ಅಲ್ಲಿಯ ಸರಕಾರಕ್ಕೆ ಹೆದರಿಕೆಯಾಯಿತಂತೆ. ಇಷ್ಟು ಕೂಲಿಗಳು ಒಟ್ಟಾಗಿ, ನಾಳೆ ಕಬ್ಬು ಕಡಿಯುವುದಿಲ್ಲ ಎಂದುಬಿಟ್ಟರೆ? ಸಾನ್ ಫರ್ನಾಂಡೋ ಎಂಬ ಊರೊಳಗೆ ತದ್ಜಾ ತರಕೂಡದೆಂದು ಹುಕುಂ ಮಾಡಿದರು. ಇವರು ಹೊತ್ತುಕೊಂಡೇ ಬಂದರು. ಗುಂಡು ಹಾರಿತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಜ್ಮೂನಳ ಮುತ್ತಜ್ಜನ ತೊಡೆಗೂ ಬಿತ್ತು. ಮರುವರ್ಷ ಅವನು ಕುಂಟುತ್ತಲೇ ಕೂತು ಬಿದಿರು ಸೀಳಿದನಂತೆ.

ಇಷ್ಟು ಹೇಳಿ, ನಿಮ್ಮೂರಲ್ಲಿ ಈಗಲೂ ಮಾಡುತ್ತಾರಾ ಎಂದು ಕೇಳಿದಳು. ನಿಂತು ಹದಿನಾರು ವರ್ಷವಾಯಿತೆಂದೆ.

"ಯಾರು ನಿಲ್ಸಿದ್ದು? ಸರಕಾರನಾ?"

ಊರಿಗೆಲ್ಲ ಹೇಳಿದ್ದನ್ನೇ ಅವಳಿಗೂ ಹೇಳಿದೆ: ನಮ್ಮ ದೇವರುಗಳನ್ನು, ಹಸ್ತದ ಆಕಾರದ ಆ ಬೆಳ್ಳಿಯ ಪಂಜಾಗಳನ್ನು, ಕಳ್ಳರು ಒಯ್ದರು. ಆ ಕಳವಿನ ಹೆಸರು ಹೊತ್ತು ನಿನ್ನ ತಮ್ಮ ದುರಗಪ್ಪ ಊರು ಬಿಟ್ಟದ್ದನ್ನು ಮಾತ್ರ ಹೇಳಲಿಲ್ಲ. ಅವಳು ಕಣ್ಣೀರು ತಂದುಕೊಂಡು ನನ್ನ ಕೈ ಹಿಡಿದಳು. ಅವತ್ತಿನಿಂದ ಆ ಕೈಯನ್ನು ಎಲ್ಲಿಡಬೇಕೋ ನನಗೆ ತಿಳಿಯದಾಯಿತು.

ಮಂಡಿ ನೋವಿನಿಂದ ಈ ವರ್ಷ ಅವಳಿಗೆ ತನ್ನ ದ್ವೀಪಕ್ಕೆ ಹೋಗಲಾಗಲಿಲ್ಲ. ಗ್ಯಾರೇಜಿನಲ್ಲೇ ತದ್ಜಾ ಕಟ್ಟಲು ಕೂತಳು. ನಾನೂ ಯುಸ್ರಾಳೂ ಚಪ್ಪಲಿ ಕಳಚಿ ಒಳಗೆ ಹೋದೆವು. ಮೈದಾ ಕುದಿಸಿ ಅಂಟು ಮಾಡುವುದು ನನ್ನ ಪಾಲಿನ ಕೆಲಸ. ಜುನೈದ್‌ಗೆ ಇದು ಹಿಡಿಸಲಿಲ್ಲ. "ಅಮ್ಮಿ, ಇದೆಲ್ಲ ನಮ್ಮ ದೀನ್‌ನಲ್ಲಿಲ್ಲ. ಯಾರಾದ್ರೂ ಗ್ರೂಪಲ್ಲಿ ಫೋಟೋ ಹಾಕಿದ್ರೆ ಲೆಕ್ಚರು ಕೇಳೋನು ನಾನು" ಅಂದ. ಮರುದಿನ ತಾನೇ ಬಿದಿರಿನ ಕಡ್ಡಿ ತಂದುಕೊಟ್ಟ, ಗ್ಯಾರೇಜಿನೊಳಗೆ ಮಾತ್ರ ಕಾಲಿಡಲಿಲ್ಲ.

ಎದೆಯೆತ್ತರದ ಗೋಪುರ ಎದ್ದು ನಿಂತಿತು. ಹಸಿರು, ಕೆಂಪು, ಮೇಲೆ ಬಂಗಾರದ ಕಾಗದದ ಗುಮ್ಮಟ. ಅಷ್ಟರಲ್ಲಿ ಯುಸ್ರಾ ಒಂದು ಲೈಬ್ರರಿಯವರೊಡನೆ ಮಾತಾಡಿ ಬಂದಿದ್ದಳು. ಅಲ್ಲಿ ಕ್ಯಾರಿಬಿಯನ್ ದ್ವೀಪಗಳ ಇತಿಹಾಸದ ಪ್ರದರ್ಶನ. ಗಾಜಿನ ಪೆಟ್ಟಿಗೆಯಲ್ಲಿ ತದ್ಜಾ, ಕೆಳಗೆ ಗುಂಡಿನ ಕತೆ ಬರೆದ ಚೀಟಿ. "ನಾನಿ, ಇಟ್ಸ್ ಹೆರಿಟೇಜ್. ನೀರಿಗೆ ಹಾಕಿದ್ರೆ ವೇಸ್ಟು" ಅಂದಳು. ನನಗೂ ಹೌದೆನಿಸಿತು. ನಜ್ಮೂನ್ ಅಂಟಿನ ಕೈ ಒರೆಸಿಕೊಳ್ಳುತ್ತ ಏನೋ ಅಂದಳು. ನಾನು ಎರಡು ಸಲ ಕೇಳಿದ ಮೇಲೆ ಯುಸ್ರಾ ಅದನ್ನು ನಮ್ಮ ಮಾತಿಗೆ ದಾಟಿಸಿದಳು.

"ಇದನ್ನ ಎತ್ತಿಟ್ರೆ ಮುಂದಿನ ವರ್ಷ ಯಾಕೆ ಕಟ್ತೀವಿ ಅಂತಾರೆ, ನಾನಿ. ಗುಂಡು ಹೊಡೆದೋರಿಗೆ ಆಗ್ದಿದ್ದನ್ನ ಆ ಪೆಟ್ಟಿಗೆ ಮಾಡಿಬಿಡುತ್ತಂತೆ."

ನಾನು ಅಂಟಿನ ಪಾತ್ರೆ ಹಿಡಿದು ಎದ್ದೆ. ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಇಲ್ಲಿಯ ಕಡಲಿಗೆ ಏನನ್ನೂ ಹಾಗೆ ಎಸೆಯುವಂತಿಲ್ಲವಂತೆ. ನಜ್ಮೂನ್ ತನ್ನ ಮೊಮ್ಮಕ್ಕಳು ಆಡುವ, ಆನೆಯ ಚಿತ್ರವಿರುವ ರಬ್ಬರ್ ತೊಟ್ಟಿಗೆ ಗಾಳಿ ತುಂಬಿ, ಪೈಪಿನಿಂದ ನೀರು ಬಿಟ್ಟಳು. ಪಕ್ಕದ ಮನೆಯವನು ಬೇಲಿಯ ಮೇಲಿಂದ ಇಣುಕಿ, ಬರ್ತ್‌ಡೇ ಪಾರ್ಟಿಯಾ ಎಂದು ಕೇಳಿದ. ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ; ಕೇಕು ಮಾತ್ರ ಇಲ್ಲ ಅಂದಳು. ಆಮೇಲೆ ಮೂವರೂ ಗೋಪುರವನ್ನು ಎತ್ತಿ ನೀರಿಗೆ ಇಳಿಸಿದೆವು. ಮೊದಲು ಬಣ್ಣ ಬಿಟ್ಟಿತು, ಆಮೇಲೆ ಗುಮ್ಮಟ ಒಂದು ಕಡೆ ವಾಲಿತು. ನನ್ನ ಬಾಯಿಗೆ ನಾವು ಹೇಳುತ್ತಿದ್ದ ಮೊಹರಂ ಪದ ಬಂತು. ಮೊದಲ ನುಡಿ ಹೇಳಿದೆ. ಎರಡನೆಯದು ನಿನ್ನ ಪಾಲಿನ ನುಡಿ. ಅಲ್ಲಿಗೆ ನಿಲ್ಲಿಸಿದೆ.

ಆಗಲೇ ನಜ್ಮೂನಳಿಗೆ ಆ ಕಳವಿನ ನಿಜ ಹೇಳಿದೆ. ಯುಸ್ರಾಳ ಬಾಯಿಂದಲೇ ಹೇಳಿಸಬೇಕಾಯಿತು. ಆ ಹುಡುಗಿಯ ಮುಖ ನೋಡಲಾಗಲಿಲ್ಲ. ನಜ್ಮೂನ್ ಬೈಯಲಿಲ್ಲ. ನನ್ನ ಕೈ ಬಿಟ್ಟು ಒಂದೇ ಮಾತು ಅಂದಳು: "ಇದನ್ನ ನಂಗ್ಯಾಕೆ ಹೇಳ್ತೀಯಾ?"

ನಿನ್ನ ಎಮ್ಮೆ ಸುಖವಾಗಿ ಈಯಲಿ, ಮೊಮ್ಮಗಳಿಗೆ ಓದು ಹತ್ತಲಿ, ನಿನ್ನ ಕಣ್ಣಿನ ಪೊರೆ ತೆಗೆಸಿದ್ದು ಫಲ ಕೊಡಲಿ. ಅಲ್ಲಾಹನೂ ನಿನ್ನ ಎಲ್ಲವ್ವನೂ ನಿನ್ನನ್ನು ಕಾಯಲಿ.

ಇಂತಿ,
ನಿನ್ನ ಫಕ್ರವ್ವ

ತಾ.ಕ.: ಬಂಗಾರೆವ್ವ, ಕಳ್ಳರು ಬಂದಿರಲಿಲ್ಲ. ಆಫ್ರೀನಳ ಮದುವೆಯ ಮಾತು ನಡೆದಾಗ, ಅಲಾಯಿ ದೇವರು ಕೂರಿಸುವ ಮನೆಯ ಹೆಣ್ಣು ಬೇಡವೆಂದು ಗಂಡಿನ ಕಡೆಯ ಹಿರಿಯರು ಅಂದರು. ಜುನೈದ್‌ಗೆ ಇದು ಇವತ್ತಿಗೂ ಗೊತ್ತಿಲ್ಲ, ಅವನ ಮೇಲೆ ಸಿಟ್ಟಾಗಬೇಡ. ದೇವರುಗಳನ್ನು ಬಾವಿಗೆ ಹಾಕಿಬಿಡೋಣ ಎಂದರು ನಮ್ಮ ಯಜಮಾನರು. ನನಗೆ ಮನಸ್ಸು ಬರಲಿಲ್ಲ. ಹಿತ್ತಲಿನಲ್ಲಿ ಜೋಳ ತುಂಬುತ್ತಿದ್ದ ಹಾಳು ಹಗೇವಿನೊಳಗೆ ಇಳಿಸಿ ಮಣ್ಣು ಮುಚ್ಚಿದೆ. ಕಳುವಾಯಿತೆಂದು ಊರ ಮುಂದೆ ಅತ್ತವಳು ನಾನೇ. ಮಸೂತಿಯ ಕಸ ಗುಡಿಸಲೆಂದು ಕಡೆಯದಾಗಿ ಒಳಗೆ ಹೋಗಿದ್ದವನು ದುರಗಪ್ಪ. ಪೊಲೀಸರು ಅವನನ್ನು ಎಳೆದೊಯ್ಯುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಅವನು ಹೊರಳಿ ನನ್ನ ಬಾಗಿಲ ಕಡೆಗೇ ನೋಡಿದ.

ಇದನ್ನು ನಿನಗೆ ಓದಿ ಹೇಳುತ್ತಿರುವವಳು ನಿನ್ನ ಮೊಮ್ಮಗಳು ಶೀತಲ್ ಎಂದು ಬಲ್ಲೆ. ಶೀತಲ್, ನನ್ನವ್ವ, ಇಲ್ಲಿಗೆ ಬರುವಷ್ಟರಲ್ಲಿ ನಿನ್ನ ದನಿ ತಗ್ಗಿರುತ್ತದೆ. ತಗ್ಗಿಸಬೇಡ. ಅಜ್ಜಿಯ ಕೈ ಹಿಡಿದು ಮಸೂತಿಯ ಕಟ್ಟೆಗೆ ಹೋಗು. ಜನ ಕೂತಿರುವಾಗ ಈ ಭಾಗವನ್ನು ಇನ್ನೊಮ್ಮೆ ಓದು. ಗೋವಾದಲ್ಲಿರುವ ದುರಗಪ್ಪನಿಗೂ ಫೋನಿನಲ್ಲಿ ಕೇಳಿಸು. ಮಾಡಿದವಳು ಯಾರೆಂದು ಯಾರಾದರೂ ಕೇಳಿದರೆ ಫಕ್ರವ್ವ ಅನ್ನಬೇಡ, ಅದು ನಿನ್ನ ಅಜ್ಜಿ ಪ್ರೀತಿಯಿಂದ ಇಟ್ಟ ಹೆಸರು. ಮುಜಾವರರ ಹೆಂಡತಿ ಫಖರುನ್ನಿಸಾ ಎಂದು ಹೇಳು.